ಪಾಪನಿವೇದನೆಯ ಗುಟ್ಟು ಮತ್ತು ನಮ್ಮ ವಿಮರ್ಶಕರು

ನಾ. ಡಿಸೋಜ 2025ರ ಜನವರಿ 5ರಂದು ತೀರಿಕೊಂಡ ಮೇಲೆ ಬಂದ ನುಡಿನಮನಗಳಲ್ಲಿ ಬಹುಪಾಲು ‘ಮುಳುಗಡೆ’, ‘ದ್ವೀಪ’ಗಳಲ್ಲೇ ನಿಂತುಬಿಟ್ಟವು. ಶರಾವತಿ ಅವರ ದೊಡ್ಡ ವಸ್ತು, ನಿಜ. ಆದರೆ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಬರೆದವರೂ ಅವರೇ. ಅದನ್ನು ನೆನೆದ ಕೆಲವರೂ ‘ಕ್ರೈಸ್ತ ಬದುಕಿನ ದಾಖಲೆ’ ಎಂದು ಷರಾ ಬರೆದು ಮುಗಿಸಿದರು. ಅಗ್ರಹಾರದ ಕಾದಂಬರಿಯಾದರೆ ಮನುಷ್ಯನ ಕಥೆ, ಇಗರ್ಜಿಯದಾದರೆ ದಾಖಲೆ! ಈ ತಾರತಮ್ಯಕ್ಕೆ ನನ್ನ ತಕರಾರಿದೆ. ಸರ್ವಜ್ಞನ ವಚನಗಳನ್ನು ಹುಡುಕಿ ಕಲೆಹಾಕಿ 1924ರಲ್ಲಿ ಅಚ್ಚಿಗೆ ತಂದ ಉತ್ತಂಗಿ ಚನ್ನಪ್ಪ ಪಾದ್ರಿ. ಅವರನ್ನು 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಿದ ಕನ್ನಡಕ್ಕೆ ಇಂದು ಕ್ರೈಸ್ತರ ಮನೆ ಯಾಕೆ ಪರಸ್ಥಳವಾಗಬೇಕು?

ಅಂಥ ಮನೆಯೊಂದರ ಕಾದಂಬರಿಯ ಹಸ್ತಪ್ರತಿ ನಮ್ಮ ಮೇಜಿಗೆ ಬಂದಿದೆ. ಅದರಲ್ಲಿ ಸಂಜೆಯ ಜಪಸರ ನಡೆಯುತ್ತದೆ. ಅಪ್ಪ ಪ್ರಾರ್ಥನೆಯ ಮೊದಲರ್ಧ ಹೇಳುತ್ತಾನೆ, ಮಂಡಿಯೂರಿದ ಮನೆಮಂದಿ ಉಳಿದರ್ಧ. ಕಿರಿಮಗಳು ಕೆರೆಪಾಲಾದ ಮೇಲೆ, ಮರಣವೇಳೆಯ ಮಾತು ಬರುವಲ್ಲಿ ಹಿರಿಮಗನ ದನಿ ನಿಲ್ಲುತ್ತದೆ. ಪ್ರತಿ ಮಣಿಗೂ ಅಲ್ಲೇ ನಿಲ್ಲುತ್ತದೆ. ತಾಯಿ ಗಮನಿಸುತ್ತಾಳೆ, ಕೇಳುವುದಿಲ್ಲ. ಊರಿನ ಫಾದರ್‌ಗೆ ವಿಷಯ ಗೊತ್ತು. ಆದರೆ ಪಾಪನಿವೇದನೆಯಲ್ಲಿ ಕೇಳಿದ್ದನ್ನು ಜೀವ ಹೋದರೂ ಹೊರಗೆ ಹಾಕುವಂತಿಲ್ಲ. ಹಾಕಿದರೆ ಧರ್ಮಸಭೆಯಿಂದಲೇ ಬಹಿಷ್ಕಾರ. ಗುಟ್ಟನ್ನು ಕಾಯುವುದೇ ಗುರುವಿನ ಧರ್ಮ, ಆ ಗುಟ್ಟೇ ಒಂದು ಮನೆಯನ್ನು ಸುಡುತ್ತಿದೆ. ಇದಕ್ಕಿಂತ ಬಿಗಿಯಾದ ಕುತೂಹಲ ಯಾವ ಕಥೆಯಲ್ಲಿದೆ?

ನಮ್ಮ ಬೋಗಾದಿಯಿಂದ ಕೂಗಳತೆ ದೂರದ ಮಾನಸಗಂಗೋತ್ರಿಯಲ್ಲಿ ವಿಮರ್ಶಕರೊಬ್ಬರು ಹಸ್ತಪ್ರತಿಯ ವಿಷಯ ಕೇಳಿ, “ಪತ್ತೇದಾರಿ, ಅದರಲ್ಲೂ ಭಕ್ತಿಯದು” ಎಂದು ಮೂಗು ಮುರಿದರು. ದಸ್ತಯೇವ್‌ಸ್ಕಿಯನ್ನು ತರಗತಿಯಲ್ಲಿ ಹೊಗಳುವವರೂ ಇವರೇ. ಅಪ್ಪನನ್ನು ಕೊಂದವರು ಯಾರು ಎಂಬ ಪ್ರಶ್ನೆಯನ್ನು ಕಿತ್ತುಹಾಕಿದರೆ ಕರಮಜೋವ್ ಸಹೋದರರ ದೇವರ ಜಗಳಕ್ಕೆ ನೆಲೆಯೆಲ್ಲಿ? ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ಓಡುತ್ತಲೇ ಓದು ಕಲಿತ ಕನ್ನಡಿಗರೆಷ್ಟೋ ಮಂದಿ. ಅವರನ್ನು ನಮ್ಮ ವಿಮರ್ಶೆ ಓದುಗರೆಂದು ಇಂದಿಗೂ ಲೆಕ್ಕಕ್ಕೆ ಹಿಡಿದಿಲ್ಲ. ವಿಶ್ವಾಸ ಕದಡಿದ ಮನೆಯಲ್ಲಿ ಮುಂದೇನಾಗುತ್ತದೋ ಎಂದು ಉಸಿರು ಬಿಗಿಹಿಡಿದು ಓದುವುದು ಕೀಳಲ್ಲ. ಆ ಮನೆಯವರು ಬದುಕುತ್ತಿರುವುದೂ ಹಾಗೆಯೇ.

ವಿಶ್ವಾಸ ಮತ್ತು ಸಂಶಯ ಈ ಸಂಚಿಕೆಯ ವಸ್ತು. ಆ ಕಾದಂಬರಿಯ ಮೊದಲ ಕಂತು ಒಳಪುಟದಲ್ಲಿದೆ. ಆಕ್ಷೇಪಿಸುವವರು ಕೊನೆಯ ಕಂತಿನವರೆಗೆ ಓದಿ ಕಾಗದ ಬರೆಯಲಿ, ಒಂದಕ್ಷರ ಕತ್ತರಿಸದೆ ಅಚ್ಚುಹಾಕುತ್ತೇವೆ.

ಸಂಪಾದಕ
ಬೋಗಾದಿ, ಮೈಸೂರು