ಲಾವಣಿಗೆ ಛಂದಸ್ಸಿಲ್ಲವೆಂಬವರಿಗೆ

ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ‘ಶುದ್ಧೀಕರಿಸಿ’ ಅಚ್ಚುಹಾಕಿಸಬೇಕೆಂಬ ಉತ್ಸಾಹವು ನಮ್ಮ ಪ್ರಾಂತದ ವಿದ್ಯಾವಂತರಲ್ಲಿ ಆಗಾಗ ತಲೆಯೆತ್ತುತ್ತದೆ. ಅದರಲ್ಲಿ ಮಾತ್ರೆಗಳು ಹೊಂದುವದಿಲ್ಲವಂತೆ, ಪ್ರಾಸವು ಶಿಥಿಲವಂತೆ, ಒಂದೇ ಪಲ್ಲವು ಬೇಸರಬರುವಷ್ಟು ಸಲ ಮರಳುತ್ತದಂತೆ. ಈ ಮೂರು ಆಕ್ಷೇಪಗಳೂ ಕಿವಿಯಿಂದ ಕೇಳಬೇಕಾದ ಪದವನ್ನು ಕಣ್ಣಿನಿಂದ ಓದಿದುದರ ಫಲ.

ಬೀಡಿ, ನಂದಗಡಗಳ ಕಡೆಯ ಹಾಡುಗಾರನು ‘ಬಂದಾನ’, ‘ನಿಂತಾನ’, ‘ಹೊಂಟಾನ’ ಎನ್ನುವನು. ಲಘುವಿಗೊಂದು, ಗುರುವಿಗೆರಡು ಎಂದೆಣಿಸಿದರೆ ಒಂದೊಂದಕ್ಕೂ ಐದು ಮಾತ್ರೆ. ಕಿತ್ತೂರ, ಸಂಗೊಳ್ಳಿ, ರಾಯಣ್ಣ, ನಂದಗಡ ಎಂಬ ಹೆಸರುಗಳೂ ಐದೈದೇ. ಪಂಡಿತರು ಅವನ್ನು ‘ಬಂದನು’, ‘ನಿಂತನು’, ‘ಹೊರಟನು’ ಎಂದು ತಿದ್ದುವರು, ನಾಲ್ಕೇ ಮಾತ್ರೆಗಳುಳಿದವು! ಕೊರತೆಯನ್ನು ತುಂಬಲು ‘ವರ’, ‘ಘನ’ ಎಂಬ ಎರಡೆರಡು ಮಾತ್ರೆಯ ಜೊಳ್ಳನ್ನು ತುರುಕಿ ಒಂದನ್ನು ಹೆಚ್ಚಿಸುವರು. ಬಳಿಕ ಛಂದೋಭಂಗದ ಅಪವಾದವು ಹಾಡಿದವನ ತಲೆಗೆ! ಸಾಲಿನ ಕೊನೆಯಲ್ಲಿ ಅವನು ‘ರಾಯಣ್ಣಾ’ ಎಂದೆಳೆದಾಗ ಐದು ಆರಾಗುತ್ತದೆ, ಎಂಟೂ ಆದೀತು. ಎಲ್ಲಿ ನಿಲ್ಲಬೇಕೆಂಬುದನ್ನು ದಪ್ಪಿನ ಪೆಟ್ಟು ಹೇಳುತ್ತದೆ. ಕುಮಾರವ್ಯಾಸನ ಭಾಮಿನಿಯಲ್ಲಿ ಮೂರು-ನಾಲ್ಕರ ಗಣಗಳು ಓಲೆಯ ಮೇಲೆಯೇ ಎಣಿಕೆಗೆ ಸಿಕ್ಕುವವು. ಲಾವಣಿಯ ಎಣಿಕೆಯು ತಾಳದಲ್ಲಿರುವದು.

ಪ್ರಾಸದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ನಾಗವರ್ಮನ ‘ಛಂದೋಂಬುಧಿ’ಯು ವಿಧಿಸಿದ ಎರಡನೆಯಕ್ಷರದ ಪ್ರಾಸಕ್ಕೆ ಹಾಡುಗಾರನು ಕಟ್ಟುಬಿದ್ದವನಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗೋವಿಂದ ಪೈಗಳು ಅದನ್ನು ತೊರೆದುದನ್ನು ಧೈರ್ಯವೆಂದು ಕೊಂಡಾಡಿದ ನಾವು, ಲಾವಣಿಕಾರನಲ್ಲಿ ಅದನ್ನೇ ಅಜ್ಞಾನವೆನ್ನುವದು ಯಾವ ನ್ಯಾಯ? ‘ಬಂದನು, ನಿಂತನು’ ಎಂದರೂ ಅಂತ್ಯಪ್ರಾಸವು ಉಳಿಯುವದು ನಿಜ; ಆದರೆ ದನಿಯೆಳೆಯಲು ಅಲ್ಲಿ ದೀರ್ಘವೆಲ್ಲಿದೆ?

ಇನ್ನು ಪುನರುಕ್ತಿ. ಹಿಮ್ಮೇಳದವರು ಪಲ್ಲವನ್ನು ಎತ್ತಿಕೊಂಡಾಗ ಮುಮ್ಮೇಳದವನು ಉಸಿರು ತೆಗೆದುಕೊಂಡು ಮುಂದಿನ ನುಡಿಯನ್ನು ನೆನೆಯುವನು. ನೆರೆದವರು ಕೇಳಿದುದನ್ನು ಅರಗಿಸಿಕೊಳ್ಳುವರು. ಇದು ಬರಿಯ ಅನುಕೂಲದ ಮಾತು. ಹೆಚ್ಚಿನದೊಂದಿದೆ. 1830ರಲ್ಲಿ ಬೀಡಿಯ ಸರಕಾರಿ ಕಚೇರಿಗೆ ರಾಯಣ್ಣನವರು ಬೆಂಕಿಯಿಟ್ಟ ಕಥೆಯ ಬೆನ್ನಿಗೆ ಬರುವ ಪಲ್ಲವು ಗರ್ಜನೆ. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ನೇಣಿಗೇರಿಸಿದ ಕಥೆಯ ಬೆನ್ನಿಗೆ ಬರುವ ಅದೇ ಪಲ್ಲವು ಗೋಳು. ಒಂದಕ್ಷರವೂ ಬದಲಾಗಿಲ್ಲ, ಕೊರಳು ಬದಲಾಗಿದೆ. ಅದನ್ನು ಮೊದಲೊಮ್ಮೆ ಅಚ್ಚಿಸಿ ಉಳಿದೆಡೆ ಚುಕ್ಕೆಯಿಡುವವರು ಕಾಗದವನ್ನು ಉಳಿಸಿ ಕಾವ್ಯವನ್ನು ಕಳೆಯುವರು. ಇದೇ ಮಹನೀಯರು ಉತ್ಸವದ ವೇದಿಕೆಗೆಂದು ತಾವು ಹೊಸೆಯುವ ವೀರಗೀತಗಳಲ್ಲಿ ‘ಜಯ ಜಯ’ ಎಂದು ಹತ್ತು ಸಲ ಕೂಗಿಸುವರು. ಒಂದು ಜಯಕ್ಕೂ ಇನ್ನೊಂದಕ್ಕೂ ನಡುವೆ ಏನೂ ನಡೆದಿರುವದಿಲ್ಲ. ಪುನರುಕ್ತಿದೋಷವೆಂಬುದು ಅದು.

ಇಂಗ್ಲಿಷ್ ಸರಕಾರದ ಅಧಿಕಾರಿಯಾಗಿದ್ದ ಫ್ಲೀಟ್ ಸಾಹೇಬನು 1880ರ ದಶಕದಲ್ಲಿ ನಮ್ಮೀ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚುಹಾಕಿಸಿದಾಗ ಆಡುಮಾತನ್ನು ಆಡುಮಾತಾಗಿಯೇ ಬಿಟ್ಟನು. ತನ್ನ ಸರಕಾರವನ್ನೇ ಎದುರಿಸಿದವರ ಪದಕ್ಕೆ ಅವನು ತೋರಿದಷ್ಟು ಮರ್ಯಾದೆಯನ್ನಾದರೂ ನಮ್ಮವರು ತೋರಿಸಲಿ: ‘ಹೊಂಟಾನ’ ಎಂಬುದು ‘ಹೊಂಟಾನ’ ಎಂದೇ ಇರಲಿ, ಪಲ್ಲವು ಬಂದಲ್ಲೆಲ್ಲ ಪೂರ್ತಿಯಾಗಿ ಅಚ್ಚಾಗಲಿ.