ಗ್ರೀಕ್ ಸಲಾಡ್ ಮತ್ತು ಖಾನಾವಳಿ

ಹಂಪಿಯ ಜನತಾ ಪ್ಲಾಟಿನ ಓಣಿಗಳಲ್ಲಿ ಪ್ರವಾಸಿಗರಿಗೆಂದೇ ನಡೆಯುವ ಹೋಟೆಲುಗಳ ಮೆನುವಿನಲ್ಲಿ ಹಮ್ಮಸ್, ಫಲಾಫೆಲ್, ಪೀಟಾಗಳ ಸಾಲಿಗೇ ‘ಗ್ರೀಕ್ ಸಲಾಡ್’ ಎಂಬ ಹೆಸರೂ ಸೇರಿಕೊಂಡಿರುತ್ತದೆ. ಅಗ್ಗದ ಗ್ರೀಕ್ ಊಟ ಎನ್ನುವುದು ಈ ಸೀಮೆಯಲ್ಲಿ ಎಲ್ಲಾದರೂ ಇದ್ದರೆ ಅದು ಇಷ್ಟೇ. ಹೊಸಪೇಟೆಯ ಬಸ್ ನಿಲ್ದಾಣದ ಸುತ್ತ ಮಿರ್ಚಿ-ಮಂಡಕ್ಕಿಯದೇ ರಾಜ್ಯ. ಕಂಪ್ಲಿ, ಸಂಡೂರುಗಳಲ್ಲೂ ಹಾಗೆಯೇ.

ಹಮ್ಮಸ್, ಫಲಾಫೆಲ್‌ಗಳನ್ನು ಗ್ರೀಸಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಅವು ಅರಬ್ ನಾಡುಗಳ ಅಡುಗೆ. ಸೇನೆಯ ಕಡ್ಡಾಯ ಸೇವೆ ಮುಗಿಸಿ ತಿಂಗಳುಗಟ್ಟಲೆ ಅಲೆಯಲು ಬರುತ್ತಿದ್ದ ಇಸ್ರೇಲಿನ ಯುವಕರ ಬೆನ್ನು ಹಿಡಿದು ತುಂಗಭದ್ರೆಯ ದಡಕ್ಕೆ ಬಂದವು. ನದಿಯಾಚೆಯ ವಿರೂಪಾಪುರಗಡ್ಡೆಯಲ್ಲಿ ಹೀಬ್ರೂ ಫಲಕಗಳೂ ಇದ್ದವು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಗಡ್ಡೆಯ ಹೋಟೆಲುಗಳನ್ನು ಕೆಡವಲಾಯಿತು. ಅದಕ್ಕೂ ಮುಂಚೆ, 2011ರಲ್ಲಿ, ವಿರೂಪಾಕ್ಷ ಗುಡಿಯ ಎದುರಿನ ಬಜಾರನ್ನು ತೆರವು ಮಾಡಲಾಗಿತ್ತು. ಅಂಗಡಿಗಳು ಹೋದವು, ಮೆನು ಮಾತ್ರ ಉಳಿದವರ ಕೈಗೆ ದಾಟಿತು.

ಗ್ರೀಸಿನ ಹಳ್ಳಿಯ ಸಲಾಡಿನಲ್ಲಿ ದಪ್ಪ ಹೋಳುಗಳ ಟೊಮೆಟೊ, ಸೌತೆಕಾಯಿ, ಉಳ್ಳಾಗಡ್ಡಿ, ದೊಣ್ಣೆಮೆಣಸಿನಕಾಯಿ, ಆಲಿವ್ ಕಾಯಿ ಇರುತ್ತವೆ. ಮೇಲೆ ಇಟ್ಟಿಗೆಯಂಥ ಒಂದು ಫೆಟಾ ತುಂಡು, ಆಲಿವ್ ಎಣ್ಣೆ, ಒಣಗಿದ ಒರೆಗಾನೊ. ಎಲೆಕೋಸಿಗಾಗಲಿ ಲೆಟ್ಯೂಸಿಗಾಗಲಿ ಅಲ್ಲಿ ಜಾಗವಿಲ್ಲ. ಫೆಟಾ ಎಂದರೆ ಕುರಿಹಾಲಿನ ಚೀಸ್. ಆಡಿನ ಹಾಲು ಶೇ. 30ರವರೆಗೆ ಬೆರೆಯಬಹುದು, ಉಪ್ಪುನೀರಿನಲ್ಲಿ ಮಾಗಬೇಕು. 2002ರಿಂದ ಐರೋಪ್ಯ ಒಕ್ಕೂಟದಲ್ಲಿ ಗ್ರೀಸಿನ ಚೀಸಿಗಲ್ಲದೆ ಬೇರೆಯದಕ್ಕೆ ಆ ಹೆಸರಿಲ್ಲ. ನಮ್ಮಲ್ಲಿ ಅದರ ಜಾಗಕ್ಕೆ ಸುಲಭವಾಗಿ ಬಂದು ಕೂರುವುದು ಪನೀರು. ನಿಂಬೆರಸಕ್ಕೆ ಒಡೆದ, ಉಪ್ಪಿಲ್ಲದ, ಮಾಗದ ಪನೀರಿಗೆ ಆ ಕೆಲಸ ಮಾಡಲಾಗದು. ಟೊಮೆಟೊದ ಹುಳಿಗೆ ಎದುರು ನಿಲ್ಲಲು ಉಪ್ಪೇ ಇರುವುದಿಲ್ಲ. ವಿಚಿತ್ರವೆಂದರೆ ಕುರಿಗೆ ಇಲ್ಲಿ ಬರವಿಲ್ಲ. ‘ಬಳ್ಳಾರಿ’ ಎಂಬ ಹೆಸರಿನ ಕುರಿತಳಿಯೇ ಇದೆ. ಆದರೆ ಕುರುಬರು ಅದನ್ನು ಸಾಕುವುದು ಮಾಂಸಕ್ಕೆ ಮತ್ತು ಕಂಬಳಿಯ ಉಣ್ಣೆಗೆ. ಮರಿ ಕುಡಿದು ಮಿಗುವ ಹಾಲಿನಲ್ಲಿ ಚೀಸಿನ ದಂಧೆ ಏಳುವುದಿಲ್ಲ.

ಗ್ರೀಕರ ಊಟೋಪಚಾರ ಕನ್ನಡನಾಡಿಗೆ ಬಂತೆನ್ನುವ ಇನ್ನೊಂದು ಸಂದರ್ಭ ಇದಕ್ಕಿಂತ ಬಹಳ ಹಳೆಯದು. ಅದು ಸಿಗುವುದು ‘ಚಾರಿಷನ್’ ಎಂಬ ಗ್ರೀಕ್ ಪ್ರಹಸನದಲ್ಲಿ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕು, ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ ಪ್ರಕಟಿಸಿದ 413ನೆಯ ಪಪೈರಸ್ ಅದು. 1904ರಲ್ಲಿ ವಿದ್ವಾಂಸ ಹುಲ್ಟ್ಜ್ ಅದರೊಳಗಿನ ‘ಭಾರತೀಯ’ ಮಾತುಗಳು ಕನ್ನಡವಿರಬಹುದೆಂದ ಮೇಲೆ ಗೋವಿಂದ ಪೈಗಳಂಥ ಪಂಡಿತರು ಆ ಪದಗಳ ಬೆನ್ನು ಹತ್ತಿದರು. 1926ರಲ್ಲಿ ಬಾರ್ನೆಟ್ ಅಲ್ಲಗಳೆದರು; ತುಳು ಎಂದವರೂ ಉಂಟು. ಜಗಳ ಇನ್ನೂ ಹರಿದಿಲ್ಲ. ಆದರೆ ಕನ್ನಡದ ಪ್ರಾಚೀನತೆಗೆ ಸಾಕ್ಷಿಯೆಂದು ವೇದಿಕೆ ವೇದಿಕೆಗಳಲ್ಲಿ ಆ ಪ್ರಹಸನವನ್ನು ಎತ್ತಿ ಹಿಡಿಯುವವರು ಕತೆಯನ್ನು ಹೇಳುವುದೇ ಇಲ್ಲ. ನಾಲ್ಕು ಪದ ಎಣಿಸಿ, ಕೈ ತೊಳೆದು, ಶಾಲು ಹೊದ್ದುಕೊಂಡು ಹೋಗುತ್ತಾರೆ. ಕತೆ ನಿಂತಿರುವುದು ಕುಡಿತದ ಮೇಲೆ. ಗ್ರೀಕ್ ಹುಡುಗಿ ಚಾರಿಷನ್ ಭಾರತದ ಕರಾವಳಿಯ ಗುಡಿಯೊಂದರಲ್ಲಿ ಸೆರೆಯಾಗಿದ್ದಾಳೆ. ಅವಳ ಸಹೋದರನ ಕಡೆಯವರು ರಾಜನಿಗೂ ಪರಿವಾರಕ್ಕೂ ದ್ರಾಕ್ಷಾರಸ ಕುಡಿಸಿ, ಮತ್ತೇರಿಸಿ, ಅವಳನ್ನು ಹಡಗು ಹತ್ತಿಸುತ್ತಾರೆ. ಗ್ರೀಕರು ದ್ರಾಕ್ಷಾರಸಕ್ಕೆ ನೀರು ಬೆರೆಸಿ ಕುಡಿಯುವವರು. ಇಲ್ಲಿ ಕೊಟ್ಟದ್ದು ನೀರು ಬೆರೆಸದ್ದು. ಈ ಕಡೆ ಅದು ಮಾರಾಟಕ್ಕೆ ಸಿಗುವುದಿಲ್ಲ, ರೂಢಿಯಿಲ್ಲದ ಜನ ಹಾಗೇ ಕುಡಿದುಬಿಡುತ್ತಾರೆ ಎಂಬ ಅರ್ಥದ ಮಾತೂ ಪ್ರಹಸನದಲ್ಲಿದೆ. ಎರಡನೆಯ ಶತಮಾನದ ಆ ಹಸ್ತಪ್ರತಿಯ ಪ್ರಕಾರ ಗ್ರೀಕ್ ಪಾನೀಯ ಇಲ್ಲಿ ಅಗ್ಗವೂ ಅಲ್ಲ, ದುಬಾರಿಯೂ ಅಲ್ಲ, ಅಂಗಡಿಯಲ್ಲೇ ಇರಲಿಲ್ಲ.

ವಿಜಯನಗರದ ಕಾಲಕ್ಕೆ ಅಗ್ಗದ ಮಾತು ಬೇರೆ ಥರ ಬರುತ್ತದೆ. 1520ರ ಸುಮಾರಿಗೆ ಬಂದ ಪ್ರವಾಸಿ ಡೊಮಿಂಗೊ ಪಾಯಸ್ ಪಟ್ಟಣದ ಸಂತೆಗಳಲ್ಲಿ ದ್ರಾಕ್ಷಿ, ದಾಳಿಂಬೆ, ಕಿತ್ತಳೆ, ನಿಂಬೆಗಳು ಹೇರಳವಾಗಿಯೂ ಸೋವಿಯಾಗಿಯೂ ಇದ್ದುದನ್ನು ಬರೆದಿದ್ದಾನೆ. ಟೊಮೆಟೊ ಅವನ ಪಟ್ಟಿಯಲ್ಲಿಲ್ಲ, ಇರುವಂತೆಯೂ ಇಲ್ಲ. ಟೊಮೆಟೊ, ಮೆಣಸಿನಕಾಯಿ ಎರಡೂ ಅಮೆರಿಕದಿಂದ ಬಂದವು. ಟೊಮೆಟೊ ಗ್ರೀಸಿನ ಅಡುಗೆಮನೆ ಹೊಕ್ಕದ್ದೂ ತೀರ ಈಚೆಗೆ. ಕೃಷ್ಣದೇವರಾಯನಿಗೆ ಗ್ರೀಕ್ ಸಲಾಡೂ ಸಿಗುತ್ತಿರಲಿಲ್ಲ, ಹೊಸಪೇಟೆಯ ಮಿರ್ಚಿಯೂ ಬಹುಶಃ ಸಿಗುತ್ತಿರಲಿಲ್ಲ.

ಹೀಗಾಗಿ ಹಂಪಿಯ ಸಲಾಡು ಅಸಲಿಯೋ ನಕಲಿಯೋ ಎಂಬ ಪ್ರಶ್ನೆಯಲ್ಲಿ ಹುರುಳು ಕಡಿಮೆ. ಮೆನು ಬರೆಯುವುದು ಬಂದ ಗಿರಾಕಿ. ಸಂಡೂರಿನ ಅದಿರಿನ ಲಾರಿಗಳು ಓಡಾಡಿದ ದಾರಿಗಳಲ್ಲಿ ಡಾಬಾಗಳು ತಂದೂರಿ ರೊಟ್ಟಿ ಹಚ್ಚಿದ್ದೂ ಹಾಗೆಯೇ. ಕೇಳಬೇಕಾದದ್ದು ಬೇರೆ: ಗ್ರೀಸಿನಲ್ಲಿ ಬಡವರೂ ಹೊಟ್ಟೆ ತುಂಬ ಉಣ್ಣುವ ‘ತವೆರ್ನಾ’ಗೆ ಸರಿಸಮನಾದದ್ದು ಇಲ್ಲಿ ಯಾವುದು? ತವೆರ್ನಾ ಹೆಚ್ಚಾಗಿ ಒಂದು ಮನೆತನ ನಡೆಸುವ ಸಣ್ಣ ಹೋಟೆಲು. ಬೇಯಿಸಿದ ಕಾಡುಸೊಪ್ಪು, ಕಾಳಿನ ಸಾರು, ಬದನೆಕಾಯಿ, ಮೊಸರು ಅಲ್ಲಿನ ದಿನದ ಅಡುಗೆ. ಹಳೆಯ ಪದ್ಧತಿಯಲ್ಲಿ ಗಿರಾಕಿ ಅಡುಗೆಮನೆಗೇ ನುಗ್ಗಿ ಪಾತ್ರೆಯ ಮುಚ್ಚಳ ತೆರೆದು ನೋಡಿ ಊಟ ಹೇಳುತ್ತಿದ್ದ.

ಹೊಸಪೇಟೆಯಲ್ಲಿ ಅದರ ಜೋಡಿ ಖಾನಾವಳಿ. ತಟ್ಟೆಯಲ್ಲಿ ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅದರ ಮೇಲೆ ಸುರಿದ ಎಣ್ಣೆ, ಗಟ್ಟಿ ಮೊಸರು. ಬದಿಗೆ ಹೆಚ್ಚಿದ ಸೌತೆಕಾಯಿ, ಉಳ್ಳಾಗಡ್ಡಿ, ಹಸಿ ಮೆಂತ್ಯದ ತಪ್ಪಲು. ಕೊನೆಗೆ ಅನ್ನ-ಸಾರು, ಅಕ್ಕಿ ಕಂಪ್ಲಿ, ಗಂಗಾವತಿ ಕಡೆಯ ಕಾಲುವೆ ನೀರಿನ ಗದ್ದೆಗಳದ್ದು. ಸಲಾಡಿಗೆ ಇಲ್ಲಿ ಪ್ರತ್ಯೇಕ ರೇಟಿಲ್ಲ, ಕೇಳಿದರೆ ಇನ್ನಷ್ಟು ಹಾಕುತ್ತಾರೆ. ಹಂಪಿಯ ಹೋಟೆಲಿನವರು ತಮ್ಮ ಉದ್ದನೆಯ ಮೆನುವಿನಲ್ಲಿ ಇದಕ್ಕೆ ಒಂದು ಸಾಲು ಬಿಟ್ಟುಕೊಟ್ಟರೆ ಗ್ರೀಸಿನಿಂದ ಬಂದವರೂ ಗುರುತು ಹಿಡಿದಾರು. ಖಾನಾವಳಿಗೆ ಹೋಗುವವರು ಮಧ್ಯಾಹ್ನ ಒಂದರೊಳಗೆ ಹೋಗುವುದು ಲೇಸು. ಬಿಸಿ ರೊಟ್ಟಿ ಬಡಿಯುವುದು ಆ ಹೊತ್ತಿಗೆ; ತಡವಾದರೆ ಕಟಕ ರೊಟ್ಟಿಯೇ ಗತಿ.