ಮನವಿ ವಿಧಾನಸೌಧಕ್ಕೆ, ಮೌನ ಗ್ರಾಮಸಭೆಗೆ

ಕುಡಿಯುವ ನೀರಿರಲಿ, ಶಾಲೆಯಿರಲಿ, ಕಸ ವಿಲೇವಾರಿಯಿರಲಿ, ನಮ್ಮ ಬಹುತೇಕ ಸ್ವಯಂಸೇವಾ ಸಂಸ್ಥೆಗಳ ಮನವಿಪತ್ರ ಹೊರಡುವುದು ವಿಧಾನಸೌಧದ ದಿಕ್ಕಿಗೇ. ಸಚಿವರೊಡನೆ ಸಮಾಲೋಚನೆ, ಇಲಾಖೆಯೊಡನೆ ಒಡಂಬಡಿಕೆ, ತಜ್ಞರ ಸಮಿತಿಯಲ್ಲೊಂದು ಸ್ಥಾನ ದೊರೆತರೆ ಸಾರ್ಥಕಭಾವ. ಅಧಿಕಾರ ಕೆಳಗಿಳಿಯಬೇಕೆಂದು ವಾದಿಸುವವರೇ ಮೇಲ್ಮುಖರಾಗಿ ನಿಂತಿರುವುದು ವಿಪರ್ಯಾಸ.

ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ 1983ರಲ್ಲಿ ರೂಪುಗೊಂಡ ಕಾಯ್ದೆ, 1987ರ ಚುನಾವಣೆಯ ಮೂಲಕ ಜಿಲ್ಲಾ ಪರಿಷತ್ತುಗಳಿಗೆ ಜೀವ ನೀಡಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನ ತಿದ್ದುಪಡಿಗಳು ಪಂಚಾಯತಿಗಳಿಗೆ 29, ನಗರಾಡಳಿತ ಸಂಸ್ಥೆಗಳಿಗೆ 18 ವಿಷಯಗಳನ್ನು ಗುರುತಿಸಿದವು. ಸ್ವಯಂಸೇವಾ ಸಂಸ್ಥೆಗಳು ದುಡಿಯುವ ಕ್ಷೇತ್ರಗಳಲ್ಲಿ ಹೆಚ್ಚಿನವು ಈ ಪಟ್ಟಿಗಳಲ್ಲೇ ಇವೆ.

ಮೇಲಿನಿಂದ ಕೆಲಸ ಮಾಡಿಸುವ ದಾರಿಗೆ ಬೆಂಗಳೂರೇ ನಿದರ್ಶನ. 1999ರಲ್ಲಿ ರಚನೆಯಾದ ಬೆಂಗಳೂರು ಅಜೆಂಡಾ ಕಾರ್ಯಪಡೆಯಲ್ಲಿ ಸಮರ್ಥರಿದ್ದರು, ಸದುದ್ದೇಶವೂ ಇತ್ತು. ಆದರೆ ಅದು ಜವಾಬ್ದಾರವಾಗಿದ್ದುದು ಮುಖ್ಯಮಂತ್ರಿಗೇ ಹೊರತು ಚುನಾಯಿತ ಪಾಲಿಕೆಗಲ್ಲ. 2004ರಲ್ಲಿ ಸರ್ಕಾರ ಬದಲಾದೊಡನೆ ಕಾರ್ಯಪಡೆಯೂ ತೆರೆಮರೆಗೆ ಸರಿಯಿತು. ಆಳುವವರ ಕೃಪೆಯಲ್ಲಿ ಬೆಳೆದದ್ದು ಆ ಕೃಪೆಯೊಂದಿಗೇ ಬಾಡುತ್ತದೆ.

ಬೇರೆ ದಾರಿಯೂ ಇದೆ. 1996ರಲ್ಲಿ ಕೇರಳ ಸರ್ಕಾರ ಯೋಜನಾ ವೆಚ್ಚದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಲು ನಿರ್ಧರಿಸಿದಾಗ, ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಕಾರ್ಯಕರ್ತರು ಜನರಿಗೂ ಪ್ರತಿನಿಧಿಗಳಿಗೂ ಯೋಜನೆ ರೂಪಿಸುವ ತರಬೇತಿ ನೀಡಿದರು. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಲ್ಲಿ ಹಳ್ಳಿಗಳ ಜನಸುನವಾಯಿಯಲ್ಲಿ ಕೂಲಿ ಹಾಜರಿಪಟ್ಟಿಗಳನ್ನು ಗಟ್ಟಿಯಾಗಿ ಓದಿಸಿತು. ಪಂಚಾಯತಿಯ ಲೆಕ್ಕ ಕೇಳಿದ ಆ ದನಿ 2005ರ ಮಾಹಿತಿ ಹಕ್ಕು ಕಾಯ್ದೆಗೆ ಬಲ ತುಂಬಿತು. ರಾಷ್ಟ್ರೀಯ ನೀತಿಯ ಬೇರು ಹಳ್ಳಿಯ ಜಗಲಿಯಲ್ಲೂ ಇರಬಲ್ಲದು.

ಸಂಸ್ಥೆಗಳ ಸಂಕಷ್ಟವನ್ನು ಅಲ್ಲಗಳೆಯುವಂತಿಲ್ಲ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರಲ್ಲಿ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳದು 2021ರಲ್ಲಿ ಮುಗಿದವು; ಚುನಾವಣೆ ಸಕಾಲಕ್ಕೆ ನಡೆಯದೆ ಆಡಳಿತಾಧಿಕಾರಿಗಳು ಬಂದು ಕುಳಿತರು. ಪ್ರತಿನಿಧಿಯೇ ಇಲ್ಲದ ಕಡೆ ಯಾರೊಡನೆ ಮಾತನಾಡುವುದು? ಇತ್ತ, ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಮಾಡಿದ ತಿದ್ದುಪಡಿ ಒಂದು ಸಂಸ್ಥೆ ಪಡೆದ ದೇಣಿಗೆಯನ್ನು ಇನ್ನೊಂದಕ್ಕೆ ಹಂಚುವುದನ್ನು ನಿಷೇಧಿಸಿತು. ದೊಡ್ಡ ಸಂಸ್ಥೆಗಳ ಆಸರೆಯಲ್ಲಿದ್ದ ಹಳ್ಳಿಯ ಸಣ್ಣ ಸಂಘಟನೆಗಳಿಗೆ ಇದರಿಂದ ಪೆಟ್ಟು ಬಿತ್ತು. ಹಣಕ್ಕಾಗಿ ಇಲಾಖೆಯ ಬಾಗಿಲು ಕಾಯುವ ಸಂಸ್ಥೆ ಕ್ರಮೇಣ ಗುತ್ತಿಗೆದಾರನಾಗುತ್ತದೆ. ಗುತ್ತಿಗೆದಾರನಿಂದ ನಿಷ್ಠುರದ ಪ್ರಶ್ನೆಯನ್ನು ನಿರೀಕ್ಷಿಸಲಾಗದು.

ಪಂಚಾಯತಿಗಳೆಲ್ಲ ಪರಿಶುದ್ಧವೆಂದು ಯಾರೂ ಹೇಳರು. ಜಾತಿಯ ದರ್ಪ, ಕಾಮಗಾರಿಗಳ ಕಮಿಷನ್, ಪತ್ನಿಯ ಹೆಸರಿನಲ್ಲಿ ಪತಿಯ ದರ್ಬಾರು ಅಲ್ಲಿಯೂ ಉಂಟು. ಆದರೆ ಈ ದೋಷಗಳಿಗೆ ಮದ್ದು ಪಂಚಾಯತಿಯನ್ನು ಬಳಸಿಕೊಂಡು ಹೋಗದೆ ಬದಿಗೆ ಸರಿಸುವುದಲ್ಲ. ಗ್ರಾಮಸಭೆಯನ್ನು ತುಂಬುವುದು, ಆಯವ್ಯಯವನ್ನು ಓದಿಸುವುದು, ಮೊದಲ ಬಾರಿ ಗೆದ್ದು ಬಂದ ಮಹಿಳೆಯ ಪಕ್ಕದಲ್ಲಿ ನಿಲ್ಲುವುದು.

ವಿಧಾನಸೌಧಕ್ಕೆ ಹೋಗಬೇಕಾದ ಸಂದರ್ಭಗಳೂ ಇವೆ. ಆದರೆ ಅಲ್ಲಿ ಸಂಸ್ಥೆಗಳು ಕೇಳಬೇಕಾದುದು ತಮಗೊಂದು ಯೋಜನೆಯನ್ನಲ್ಲ. ಸ್ಥಳೀಯ ಸರ್ಕಾರಗಳಿಗೆ ಹಣವನ್ನು, ಸಿಬ್ಬಂದಿಯನ್ನು, ಸಕಾಲದ ಚುನಾವಣೆಯನ್ನು. ಊರಿನ ಕೆಲಸವನ್ನು ಊರೇ ಮಾಡಿಕೊಳ್ಳುವಂತಾದ ದಿನ, ಅಲ್ಲಿ ತಮ್ಮ ಅಗತ್ಯ ಕಡಿಮೆಯಾಯಿತೆಂದು ಸಂತೋಷಪಡುವ ದೊಡ್ಡತನವೂ ಅವುಗಳಿಗಿರಬೇಕು.